ಹಳೆಯ ತೋಟದ ಟ್ರ್ಯಾಕ್ಟರ್‌ಗಳಿಂದ ಹಿಮ ತೆರವು

ತೋಟದ ಟ್ರ್ಯಾಕ್ಟರ್ ಎಂಬುದು ಮನೆಯಂಗಳ, ಹುಲ್ಲುಹಾಸು ಹಾಗೂ ಕೈತೋಟದ ಕೆಲಸಗಳಿಗೆಂದು ರೂಪಿಸಲಾದ, ಒಬ್ಬರು ಕುಳಿತು ನಡೆಸುವ ನಾಲ್ಕು ಗಾಲಿಗಳ ಚಿಕ್ಕ ಟ್ರ್ಯಾಕ್ಟರ್. 1950ರ ದಶಕದಿಂದ 1980ರ ದಶಕದವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತಯಾರಾದ ಇಂತಹ ಯಂತ್ರಗಳಲ್ಲಿ ಅನೇಕವು ಅಲ್ಲಿನ ಉತ್ತರದ ರಾಜ್ಯಗಳಲ್ಲಿಯೂ ಕೆನಡಾದಲ್ಲಿಯೂ ಇಂದಿಗೂ ಮನೆಯ ಮುಂದಿನ ಹಿಮವನ್ನು ತೆರವುಗೊಳಿಸಲು ಬಳಕೆಯಲ್ಲಿವೆ. ಈ ಕೆಲಸದಲ್ಲಿ ಅವುಗಳ ಉಪಯುಕ್ತತೆಯು ಎಂಜಿನ್ನಿನ ಅಶ್ವಶಕ್ತಿಗಿಂತ ಹೆಚ್ಚಾಗಿ ಯಂತ್ರದ ತೂಕ, ಗಾಲಿಗಳ ಹಿಡಿತ ಮತ್ತು ಚಳಿಗಾಲಕ್ಕೆ ಮುನ್ನ ಮಾಡುವ ಸಿದ್ಧತೆಯನ್ನು ಅವಲಂಬಿಸಿದೆ. ಇಂದಿನ ಯಂತ್ರಗಳಲ್ಲಿರುವ ಕೆಲವು ಸುರಕ್ಷತಾ ಸಾಧನಗಳು ಇವುಗಳಲ್ಲಿ ಇಲ್ಲದಿರುವುದರಿಂದ ನಡೆಸುವವರ ಎಚ್ಚರಿಕೆಯೂ ಅಷ್ಟೇ ಮುಖ್ಯವಾಗಿದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ನಗರಗಳ ಹೊರವಲಯದಲ್ಲಿ ವಿಶಾಲ ನಿವೇಶನಗಳ ಬಡಾವಣೆಗಳು ಬೆಳೆದವು. ಬೀದಿಯಿಂದ ಕಾರು ನಿಲ್ಲಿಸುವ ಗ್ಯಾರೇಜಿನವರೆಗೆ ಪ್ರತಿ ಮನೆಗೂ ಸ್ವಂತ ದಾರಿಯಿರುವುದು ವಾಡಿಕೆಯಾಯಿತು. ಬೇಸಿಗೆಯಲ್ಲಿ ಹುಲ್ಲು ಕತ್ತರಿಸಲು, ವಸಂತದಲ್ಲಿ ಕೈತೋಟ ಉಳಲು, ಚಳಿಗಾಲದಲ್ಲಿ ಹಿಮ ಸರಿಸಲು ಒಂದೇ ಯಂತ್ರ ಸಾಕು ಎಂಬ ಆಶಯದಿಂದ, ಜೋಡಿಸಿ ಕಳಚಬಹುದಾದ ಉಪಕರಣಗಳೊಡನೆ ಈ ಟ್ರ್ಯಾಕ್ಟರ್‌ಗಳು ಮಾರುಕಟ್ಟೆಗೆ ಬಂದವು.

ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ನಗರದ ವೀಲ್ ಹಾರ್ಸ್ ಸಂಸ್ಥೆ ಈ ಕ್ಷೇತ್ರದ ಆರಂಭಿಕರಲ್ಲಿ ಒಂದು. 1986ರಲ್ಲಿ ಅದು ಟೋರೋ ಸಂಸ್ಥೆಯ ವಶವಾಯಿತು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯು 1961ರಲ್ಲಿ ಕಬ್ ಕ್ಯಾಡೆಟ್ ಟ್ರ್ಯಾಕ್ಟರನ್ನು ಹೊರತಂದಿತು. ಅದರ ಗೇರು ಪೆಟ್ಟಿಗೆಯ ವಿನ್ಯಾಸ ಅದೇ ಸಂಸ್ಥೆಯ ಫಾರ್ಮಾಲ್ ಕಬ್ ಎಂಬ ಹೊಲದ ಟ್ರ್ಯಾಕ್ಟರಿನಿಂದ ಬಂದದ್ದು. ಜಾನ್ ಡಿಯರ್ ಸಂಸ್ಥೆ 1963ರಲ್ಲಿ 110 ಎಂಬ ಮಾದರಿಯೊಡನೆ ಈ ಕ್ಷೇತ್ರವನ್ನು ಪ್ರವೇಶಿಸಿತು. ವಿಸ್ಕಾನ್ಸಿನ್ ರಾಜ್ಯದ ಪೋರ್ಟ್ ವಾಷಿಂಗ್ಟನ್ ಊರಿನಿಂದ ಬೋಲೆನ್ಸ್ ಮತ್ತು ಸಿಂಪ್ಲಿಸಿಟಿ ಎಂಬ ಎರಡು ಹೆಸರುಗಳ ಟ್ರ್ಯಾಕ್ಟರ್‌ಗಳು ಬಂದವು. ಈ ಕಾಲದ ಅನೇಕ ಮಾದರಿಗಳಲ್ಲಿ ಕೋಹ್ಲರ್ ಸಂಸ್ಥೆಯ ‘ಕೆ’ ಶ್ರೇಣಿಯ, ಎರಕದ ಕಬ್ಬಿಣದ ಒಂದೇ ಸಿಲಿಂಡರಿನ ಪೆಟ್ರೋಲ್ ಎಂಜಿನ್ ಇದೆ. ಸರಳ ರಚನೆಯ ಈ ಎಂಜಿನ್ನುಗಳನ್ನು ಪೂರ್ಣವಾಗಿ ಬಿಚ್ಚಿ ದುರಸ್ತಿ ಮಾಡಬಹುದಾದ್ದರಿಂದ ಅರ್ಧ ಶತಮಾನದ ನಂತರವೂ ಅವು ಕೆಲಸಕ್ಕೆ ಬರುತ್ತಿವೆ.

ಹಿಮದ ತೂಕ

ಹಿಮವು ನೋಟಕ್ಕೆ ಹತ್ತಿಯಂತೆ ಹಗುರವಾಗಿದ್ದರೂ ರಾಶಿಯಾದಾಗ ಅದರ ತೂಕ ಬಹಳ. ಹೊಸದಾಗಿ ಬಿದ್ದ ಒಣಹಿಮ ಒಂದು ಘನಮೀಟರಿಗೆ ಸುಮಾರು 50ರಿಂದ 100 ಕಿ.ಗ್ರಾಂ. ತೂಗುತ್ತದೆ. ಒದ್ದೆಹಿಮವು 200 ಕಿ.ಗ್ರಾಂ. ಅಥವಾ ಅದಕ್ಕೂ ಹೆಚ್ಚು ತೂಗಬಹುದು. 20 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿಯ ಮೇಲೆ 15 ಸೆಂ.ಮೀ. ಹಿಮ ಬಿದ್ದರೆ ಅದರ ಗಾತ್ರ 9 ಘನಮೀಟರ್. ಒಣಹಿಮವಾದರೂ ಸುಮಾರು 450ರಿಂದ 900 ಕಿ.ಗ್ರಾಂ., ಒದ್ದೆಯಾದರೆ 1,800 ಕಿ.ಗ್ರಾಂ. ಸರಿಸಬೇಕಾಗುತ್ತದೆ. ತೀವ್ರ ಚಳಿಯಲ್ಲಿ ಇಷ್ಟನ್ನು ಸಲಿಕೆಯಿಂದ ಎತ್ತುವುದು ಹೃದಯಕ್ಕೆ ಭಾರೀ ಶ್ರಮ. ವಯಸ್ಸಾದವರಿಗೂ ಹೃದ್ರೋಗಿಗಳಿಗೂ ಅದು ಪ್ರಾಣಾಪಾಯ ತರಬಲ್ಲದು.

ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತಲಿನ ಪ್ರದೇಶದಲ್ಲಿ ಈ ಸಮಸ್ಯೆ ವಿಶೇಷವಾಗಿ ತೀವ್ರ. ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ಹಾದುಬರುವ ಶೀತಗಾಳಿಯು ನೀರಿನಿಂದ ಶಾಖವನ್ನೂ ತೇವವನ್ನೂ ಹೀರಿ, ಎದುರಿನ ದಡದಲ್ಲಿ ಅದನ್ನು ದಟ್ಟ ಹಿಮವಾಗಿ ಸುರಿಸುತ್ತದೆ. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಹಿಮಪಾತಗಳು ಇದಕ್ಕೆ ಪ್ರಸಿದ್ಧ ಉದಾಹರಣೆ.

ಉಪಕರಣಗಳು

ಹಿಮ ತೆರವಿಗೆ ಮುಖ್ಯವಾಗಿ ಎರಡು ಬಗೆಯ ಉಪಕರಣಗಳಿವೆ.

ದೂಡುವ ಬ್ಲೇಡ್: ಇದು ಟ್ರ್ಯಾಕ್ಟರಿನ ಮುಂಭಾಗಕ್ಕೆ ಜೋಡಿಸುವ ಬಾಗಿದ ಉಕ್ಕಿನ ಹಲಗೆ. ಸಾಮಾನ್ಯವಾಗಿ 42ರಿಂದ 54 ಅಂಗುಲ ಅಗಲವಿರುತ್ತದೆ. ಅದನ್ನು ಎಡಕ್ಕೋ ಬಲಕ್ಕೋ ಓರೆಯಾಗಿಸಿದರೆ ಹಿಮ ಒಂದು ಬದಿಗೆ ಉರುಳುತ್ತದೆ. ಕಲ್ಲಿಗೆ ತಗುಲಿದಾಗ ಬ್ಲೇಡ್ ಮುಂದಕ್ಕೆ ಮಡಚಿಕೊಂಡು ಪೆಟ್ಟನ್ನು ತಾಳಲು ಹಿಂದೆ ಬಲವಾದ ಸ್ಪ್ರಿಂಗುಗಳಿರುತ್ತವೆ. ಕೆಳ ಅಂಚಿನ ಸವೆತದ ಪಟ್ಟಿಯನ್ನು ಮಾತ್ರ ಬದಲಿಸಬಹುದು. ಜಲ್ಲಿ ಹಾಸಿದ ದಾರಿಯಲ್ಲಿ ಬ್ಲೇಡಿನ ಕೆಳಗಿನ ಪಾದಗಳನ್ನು ಹೊಂದಿಸಿ, ಅಂಚನ್ನು ನೆಲದಿಂದ ತುಸು ಮೇಲಿಡಬೇಕು.

ಸ್ನೋ ಥ್ರೋವರ್: ಇದರಲ್ಲಿ ತಿರುಪಿನಾಕಾರದ ಆಗರ್ ಹಿಮವನ್ನು ನಡುವಿಗೆ ಸೆಳೆದು, ಮೇಲಿನ ಕೊಳವೆಯ ಮೂಲಕ ದೂರಕ್ಕೆ ಎಸೆಯುತ್ತದೆ. ಹಿಮರಾಶಿ ಹಾಕಲು ಸ್ಥಳವಿಲ್ಲದ ಕಡೆ ಮತ್ತು ಮೇಲಿಂದ ಮೇಲೆ ಹಿಮ ಬೀಳುವ ಊರುಗಳಲ್ಲಿ ಇದು ಬ್ಲೇಡಿಗಿಂತ ಉತ್ತಮ. ಇದನ್ನು ನಡೆಸಲು ಎಂಜಿನ್ ಪೂರ್ಣ ವೇಗದಲ್ಲಿ ತಿರುಗುತ್ತಿರಬೇಕು, ಆದರೆ ಟ್ರ್ಯಾಕ್ಟರ್ ಬಹಳ ನಿಧಾನವಾಗಿ ಸಾಗಬೇಕು. ಆದ್ದರಿಂದ ಎಂಜಿನ್ ವೇಗವನ್ನು ಬದಲಿಸದೆ ಸಾಗುವ ವೇಗವನ್ನು ಹೊಂದಿಸಬಲ್ಲ ಹೈಡ್ರೋಸ್ಟ್ಯಾಟಿಕ್ ಚಾಲನೆಯ ಮಾದರಿಗಳು ಇದಕ್ಕೆ ಹೆಚ್ಚು ಅನುಕೂಲ.

ಆಗರ್ ಮತ್ತು ಅದರ ದಂಡವನ್ನು ಜೋಡಿಸುವ ಷಿಯರ್ ಪಿನ್ ಎಂಬ ಮೃದುವಾದ ಮೊಳೆ, ಮಂಜುಗಡ್ಡೆ ಅಥವಾ ಕಲ್ಲು ಸಿಕ್ಕಿಕೊಂಡಾಗ ತಾನು ಮುರಿದು ಯಂತ್ರವನ್ನು ಉಳಿಸುತ್ತದೆ. ಅದು ಪದೇ ಪದೇ ಮುರಿಯುವುದೆಂದು ಅದರ ಜಾಗದಲ್ಲಿ ಗಟ್ಟಿ ಬೋಲ್ಟ್ ಹಾಕಿದರೆ, ಮುಂದಿನ ಬಾರಿ ಮುರಿಯುವುದು ಬೆಲೆಬಾಳುವ ಗೇರು ಅಥವಾ ಸರಪಳಿ.

ತೂಕ ಮತ್ತು ಹಿಡಿತ

ದೂಡುವ ಕೆಲಸದಲ್ಲಿ ಎಂಜಿನ್ನಿನ ಬಲ ಸಾಲದೆ ಟ್ರ್ಯಾಕ್ಟರ್ ಸೋಲುವುದು ಅಪರೂಪ. ಗಾಲಿ ಜಾರಿ ಸೋಲುವುದೇ ಹೆಚ್ಚು. ಗಟ್ಟಿಯಾಗಿ ಒತ್ತಿಕೊಂಡ ಹಿಮದ ಮೇಲೆ ರಬ್ಬರ್ ಟೈರಿನ ಘರ್ಷಣಾಂಕವನ್ನು ಸುಮಾರು 0.2 ಎಂದು ಇಟ್ಟುಕೊಳ್ಳೋಣ. ಹಿಂಗಾಲಿಗಳ ಮೇಲೆ 250 ಕಿ.ಗ್ರಾಂ. ಭಾರವಿದ್ದರೆ, ಜಾರುವ ಮೊದಲು ಅವು ಕೊಡಬಲ್ಲ ತಳ್ಳುಬಲ 50 ಕಿ.ಗ್ರಾಂ. ತೂಕಕ್ಕೆ ಸಮ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಇಷ್ಟು ತಳ್ಳಲು ಒಂದು ಅಶ್ವಶಕ್ತಿಗಿಂತಲೂ ಕಡಿಮೆ ಸಾಕು. ಅಂದರೆ 7 ಅಶ್ವಶಕ್ತಿಯ ಎಂಜಿನ್ನಿನ ಬಹುಭಾಗ ಇಲ್ಲಿ ನಿರುಪಯುಕ್ತ. ಹಿಂಬದಿಗೆ 100 ಕಿ.ಗ್ರಾಂ. ಸೇರಿಸಿದರೆ ತಳ್ಳುಬಲ 70 ಕಿ.ಗ್ರಾಂ.ಗೆ ಏರುತ್ತದೆ. ದಪ್ಪ ಉಕ್ಕಿನ ಚೌಕಟ್ಟು ಮತ್ತು ಎರಕದ ಗೇರು ಪೆಟ್ಟಿಗೆಗಳುಳ್ಳ ಹಳೆಯ ಟ್ರ್ಯಾಕ್ಟರ್‌ಗಳು ಇಂದಿನ ಹಗುರವಾದ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್‌ಗಳಿಗಿಂತ ಈ ಕೆಲಸಕ್ಕೆ ಒಗ್ಗುವುದು ಇದೇ ಕಾರಣದಿಂದ.

ಹಿಡಿತ ಹೆಚ್ಚಿಸುವ ಕ್ರಮಗಳು ಹೀಗಿವೆ:

ಗಾಲಿತೂಕ: ಹಿಂಗಾಲಿಗಳ ಹೊರಬದಿಗೆ ಬೋಲ್ಟ್ ಮಾಡುವ ಎರಕದ ಬಿಲ್ಲೆಗಳು.

ಟೈರಿನೊಳಗಿನ ದ್ರವ: ಹೆಪ್ಪುಗಟ್ಟದ ದ್ರವವನ್ನು ಟೈರಿನ ಮುಕ್ಕಾಲು ಭಾಗದವರೆಗೆ ತುಂಬುವುದು. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಹೆಚ್ಚು ಭಾರವಾದರೂ ಸೋರಿದರೆ ಗಾಲಿಯ ಉಕ್ಕನ್ನು ತುಕ್ಕು ತಿನ್ನಿಸುತ್ತದೆ.

ಸರಪಳಿ: ಟೈರಿನ ಸುತ್ತ ಕಟ್ಟುವ ಉಕ್ಕಿನ ಸರಪಳಿ ಹಿಮವನ್ನೂ ಮಂಜುಗಡ್ಡೆಯನ್ನೂ ಕಚ್ಚಿ ಹಿಡಿಯುತ್ತದೆ. ಕೆಸರುಗದ್ದೆಯಲ್ಲಿ ನಮ್ಮ ರೈತರು ಟ್ರ್ಯಾಕ್ಟರಿಗೆ ಕಬ್ಬಿಣದ ಕೇಜ್ ವೀಲ್ ಹಾಕುವುದೂ ಹಿಡಿತಕ್ಕಾಗಿಯೇ. ಬರಿಯ ಕಾಂಕ್ರೀಟಿನ ಮೇಲೆ ಸರಪಳಿ ಗೀರು ಮೂಡಿಸುವುದರಿಂದ ಎಚ್ಚರ ಬೇಕು.

ತೆರವಿನ ಕ್ರಮ

ಹಿಮ ಬೀಳುವ ಮೊದಲೇ ದಾರಿಯ ಅಂಚುಗಳಲ್ಲಿ ಗೂಟ ನೆಟ್ಟು ಗುರುತು ಮಾಡುತ್ತಾರೆ. ಹಿಮಪಾತ ದೀರ್ಘವಾಗಿದ್ದರೆ ಅದು ನಿಲ್ಲುವವರೆಗೆ ಕಾಯದೆ ಆಗಾಗ ಸ್ವಲ್ಪ ಸ್ವಲ್ಪವಾಗಿ ಸರಿಸುವುದು ಲೇಸು. ಋತುವಿನ ಮೊದಲ ಹಿಮವನ್ನು ದಾರಿಯಿಂದ ಸಾಧ್ಯವಾದಷ್ಟು ದೂರ ತಳ್ಳಬೇಕು. ಇಲ್ಲವಾದರೆ ಬದಿಯ ರಾಶಿಗಳು ಕಲ್ಲಿನಂತೆ ಗಟ್ಟಿಯಾಗಿ, ದಾರಿಯು ವಾರದಿಂದ ವಾರಕ್ಕೆ ಕಿರಿದಾಗುತ್ತದೆ. ಬೀದಿ ತೆರವುಗೊಳಿಸುವ ವಾಹನ ಮನೆದಾರಿಯ ಬಾಯಲ್ಲಿ ಬಿಟ್ಟುಹೋಗುವ ದಿಬ್ಬ ಒತ್ತಿಕೊಂಡು ಭಾರವಾಗಿರುತ್ತದೆ. ಅದನ್ನು ಬ್ಲೇಡಿನ ಅರ್ಧ ಅಗಲದಷ್ಟೇ ಕಚ್ಚಿಸಿ ಹಂತಹಂತವಾಗಿ ತೆಗೆಯಬೇಕು. ವೇಗವಾಗಿ ಬಂದು ಡಿಕ್ಕಿ ಹೊಡೆದರೆ ಚೌಕಟ್ಟು ಬಾಗುತ್ತದೆ. ಹಿಮವನ್ನು ಸಾರ್ವಜನಿಕ ರಸ್ತೆಗೆ ತಳ್ಳುವುದು ಅನೇಕ ಊರುಗಳಲ್ಲಿ ನಿಷಿದ್ಧ.

ನಿರ್ವಹಣೆ

ಸಿದ್ಧತೆಯನ್ನು ಶರತ್ಕಾಲದಲ್ಲೇ ಮುಗಿಸಬೇಕು.

ಎಂಜಿನ್ ಆಯಿಲ್: ಚಳಿಯಲ್ಲಿ ಎಣ್ಣೆ ಮಂದವಾಗುತ್ತದೆ. ಬೇಸಿಗೆಯ ಎಸ್‌ಎಇ 30 ದರ್ಜೆಯ ಎಣ್ಣೆಯನ್ನು ತೆಗೆದು, ಕೈಪಿಡಿ ಸೂಚಿಸುವ ತೆಳು ದರ್ಜೆಯದನ್ನು ತುಂಬಬೇಕು. ಹೈಡ್ರೋಸ್ಟ್ಯಾಟಿಕ್ ಮಾದರಿಗಳನ್ನು ಕೆಲಸಕ್ಕೆ ಹಚ್ಚುವ ಮುನ್ನ ಕೆಲವು ನಿಮಿಷ ಬೆಚ್ಚಗಾಗಲು ಬಿಡಬೇಕು.

ಬ್ಯಾಟರಿ: ಸೀಸ-ಆಮ್ಲದ ಬ್ಯಾಟರಿಯ ಸಾಮರ್ಥ್ಯ ಚಳಿಯಲ್ಲಿ ಬಹಳವಾಗಿ ಕುಗ್ಗುತ್ತದೆ. ಪೂರ್ಣ ಚಾರ್ಜ್ ಆದ ಬ್ಯಾಟರಿ ತೀವ್ರ ಶೀತವನ್ನೂ ತಾಳುತ್ತದೆ. ಖಾಲಿಯಾದದ್ದು ನೀರಿನ ಘನೀಕರಣ ಬಿಂದುವಿಗಿಂತ ಕೆಲವೇ ಡಿಗ್ರಿ ಕೆಳಗೆ ಹೆಪ್ಪುಗಟ್ಟಿ ಒಡೆಯಬಹುದು.

ಕಿಡಿ ವ್ಯವಸ್ಥೆ: ಕೋಹ್ಲರ್ ‘ಕೆ’ ಎಂಜಿನ್ನುಗಳಲ್ಲಿ ಪಾಯಿಂಟುಗಳ ನಡುವಿನ ಅಂತರ ಸುಮಾರು 0.020 ಅಂಗುಲ, ಅಂದರೆ ಅರ್ಧ ಮಿಲಿಮೀಟರ್ ಇರಬೇಕು. ಪಾಯಿಂಟುಗಳು ಸುಟ್ಟಿದ್ದರೆ ಬದಲಿಸಬೇಕು.

ಇಂಧನ: ಎಥೆನಾಲ್ ಬೆರೆತ ಪೆಟ್ರೋಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಹಾಳುಮಾಡುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಿಂದ ಕಾರ್ಬ್ಯುರೇಟರಿನ ರಂಧ್ರಗಳು ಕಟ್ಟಿಕೊಳ್ಳುತ್ತವೆ.

ತಂಪುಗಾಳಿಯ ದಾರಿ: ಬೇಸಿಗೆಯ ಹುಲ್ಲುಕಸವೂ ಇಲಿಗಳ ಗೂಡೂ ಸಿಲಿಂಡರಿನ ರೆಕ್ಕೆಗಳನ್ನು ಮುಚ್ಚಿದರೆ, ಹೊರಗೆ ಎಷ್ಟೇ ಚಳಿಯಿದ್ದರೂ ಎಂಜಿನ್ ಒಳಗೆ ಕಾದು ಕೆಡುತ್ತದೆ.

ಉಪ್ಪು: ಮಂಜುಗಡ್ಡೆ ಕರಗಿಸಲು ಎರಚುವ ಉಪ್ಪು ಉಕ್ಕಿನ ವೈರಿ. ಬಳಸಿದ ನಂತರ ಹಿಮವನ್ನು ಕೊಡವಿ, ಉಪ್ಪು ತಗುಲಿದ ಭಾಗಗಳನ್ನು ತೊಳೆದು ಒಣಗಿಸಿ, ತಿರುಗುವ ಕೀಲುಗಳಿಗೆ ಗ್ರೀಸ್ ತುಂಬಬೇಕು.

ಸುರಕ್ಷತೆ

ಚಾಲಕ ಆಸನದಿಂದ ಎದ್ದಕೂಡಲೇ ಎಂಜಿನ್ನನ್ನು ನಿಲ್ಲಿಸುವ ಸ್ವಿಚ್ ಈ ಕಾಲದ ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಇಲ್ಲ. ಇದ್ದವುಗಳಲ್ಲಿಯೂ ಹಿಂದಿನ ಮಾಲೀಕರು ಅದನ್ನು ಕಳಚಿರಬಹುದು. ಆದಕಾರಣ ಇಳಿಯುವ ಮುನ್ನ ಉಪಕರಣದ ಚಾಲನೆಯನ್ನು ಬಿಡಿಸಿ, ಬ್ರೇಕ್ ಹಾಕಿ, ಎಂಜಿನ್ ಆರಿಸುವ ಅಭ್ಯಾಸ ಅನಿವಾರ್ಯ.

ಅತ್ಯಂತ ಗಂಭೀರ ಗಾಯಗಳು ಆಗುವುದು ಸ್ನೋ ಥ್ರೋವರಿನಲ್ಲಿ ಕಟ್ಟಿಕೊಂಡ ಒದ್ದೆಹಿಮವನ್ನು ಕೈಯಿಂದ ಬಿಡಿಸಹೋದಾಗ. ಎಂಜಿನ್ ನಿಂತಿದ್ದರೂ ಬಿಗಿದುಕೊಂಡ ಬೆಲ್ಟಿನಲ್ಲಿ ಬಲ ಉಳಿದಿರಬಹುದು. ಅಡ್ಡಿ ಸರಿದೊಡನೆ ಆಗರ್ ತಿರುಗಿ ಬೆರಳುಗಳನ್ನು ತುಂಡರಿಸಬಲ್ಲದು. ಎಂಜಿನ್ ಆರಿಸಿ ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿದ ಮೇಲೂ ಕೋಲನ್ನೇ ಬಳಸಬೇಕು, ಕೈಯನ್ನಲ್ಲ.

ಬೆಚ್ಚಗಾಗಲೆಂದು ಎಂಜಿನ್ನನ್ನು ಗ್ಯಾರೇಜಿನೊಳಗೆ ಚಾಲೂ ಇಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲ. ಬಾಗಿಲು ತೆರೆದಿದ್ದರೂ ಅಪಾಯ ತಪ್ಪುವುದಿಲ್ಲ. ಇಳಿಜಾರಿನಲ್ಲಿ ಅಡ್ಡಲಾಗಿ ಓಡಿಸದೆ ನೇರವಾಗಿ ಮೇಲಿಂದ ಕೆಳಗೆ ತಳ್ಳಬೇಕು. ಮಕ್ಕಳು ಹಿಮರಾಶಿಗಳಲ್ಲಿ ಸುರಂಗ ತೋಡಿ ಆಡುವುದುಂಟು. ಹಳೆಯ ರಾಶಿಯ ಮೇಲೆ ಹೊಸ ಹಿಮವನ್ನು ತಳ್ಳುವ ಅಥವಾ ಎಸೆಯುವ ಮೊದಲು ಒಳಗೆ ಯಾರೂ ಇಲ್ಲವೆಂದು ನೋಡಿಕೊಳ್ಳಬೇಕು.

ಇತಿಮಿತಿಗಳು

ಬ್ಲೇಡಿನ ಎತ್ತರವನ್ನು ಮೀರಿದ ಹಿಮದಲ್ಲಿ ಚಿಕ್ಕ ಟ್ರ್ಯಾಕ್ಟರ್ ಹೂತುಹೋಗುತ್ತದೆ. ಉದ್ದನೆಯ ಕಡಿದಾದ ದಾರಿಗಳಿಗೂ ಇದು ಸೂಕ್ತವಲ್ಲ. ಚಾಲಕನಿಗೆ ಗಾಳಿಯಿಂದ ರಕ್ಷಣೆಯಿಲ್ಲದಿರುವುದರಿಂದ ಕೆಲಸದ ಅವಧಿಯೂ ಸೀಮಿತ. ಪಾಯಿಂಟುಗಳು, ಕಾರ್ಬ್ಯುರೇಟರ್ ಕಿಟ್ಟುಗಳು ಮೊದಲಾದ ಸವೆಯುವ ಭಾಗಗಳು ಇಂದಿಗೂ ಹೊಸದಾಗಿ ದೊರೆಯುತ್ತವೆ. ಆದರೆ ಗೇರುಗಳು, ಬ್ಲೇಡಿನ ಚೌಕಟ್ಟು ಮುಂತಾದವನ್ನು ಬಹುಮಟ್ಟಿಗೆ ಕಳಚಿದ ಹಳೆಯ ಟ್ರ್ಯಾಕ್ಟರ್‌ಗಳಿಂದಲೇ ಪಡೆಯಬೇಕಾಗುತ್ತದೆ. ಒಂದು ಸಂಸ್ಥೆಯ ಉಪಕರಣ ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಆದ್ದರಿಂದ ಕೊಳ್ಳುವವರು ಬ್ಲೇಡ್ ಅಥವಾ ಸ್ನೋ ಥ್ರೋವರ್ ಸಮೇತವಾಗಿರುವ ಯಂತ್ರವನ್ನೇ ಆರಿಸಿಕೊಳ್ಳುವುದು ಒಳಿತು.