ಮಹಾಪೂರದಲ್ಲಿ ಮುಳುಗಿದ ಟ್ರಕ್ಕು ಮತ್ತೆ ರಸ್ತೆಗೆ ಬಂತು



ಹೊಳೆಸಾಲಿನ ಊರುಗಳಲ್ಲಿ ಮಹಾಪೂರ ಇಳಿದ ಮೇಲೆ ಬೆಳೆಯ ಹಾನಿ ಎಲ್ಲರ ಕಣ್ಣಿಗೂ ಬೀಳುತ್ತದೆ. ನೀರಿನಲ್ಲಿ ನಿಂತ ಟ್ರಕ್ಕು, ಟ್ರ್ಯಾಕ್ಟರ್, ಡೀಸೆಲ್ ಪಂಪುಗಳ ಹಾನಿ ಮನೆಯವರಿಗಷ್ಟೇ ಗೊತ್ತು. ಅದರಲ್ಲಿ ನೀರು ಮಾಡಿದ ಹಾನಿ ಒಂದು ಪಾಲಾದರೆ, ನಮ್ಮ ಅವಸರ ಮಾಡಿದ್ದು ಇನ್ನೊಂದು ಪಾಲು. ಈ ಪಾಠವನ್ನು ನಾನು ಕಲಿತದ್ದು ಅಕ್ಕೋಳದ ನಮ್ಮ ಮನೆಯ ಅಂಗಳದಲ್ಲಿ.

2019ರ ಆಗಸ್ಟಿನಲ್ಲಿ ವೇದಗಂಗೆ ಉಕ್ಕಿದಾಗ ನಮ್ಮ ಹಳೆಯ ಟಾಟಾ ಟ್ರಕ್ಕು ಹೊಲದ ಶೆಡ್ಡಿನಲ್ಲಿ ಐದು ದಿನ ನೀರಿನಲ್ಲಿ ನಿಂತಿತು. ಕಬ್ಬಿನ ಹಂಗಾಮಿನಲ್ಲಿ ಅದರ ಬಾಡಿಗೆಯಿಂದಲೇ ಅಣ್ಣ ಸೊಸೈಟಿಯ ಕಂತು ಕಟ್ಟುತ್ತಿದ್ದರು. ನೀರು ಇಳಿದದ್ದೇ ತಡ, ಅವರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿ ಗೇರು ಹಾಕಿದರು. ಒಳಗೆ 'ಟಣ್' ಎಂದು ಸದ್ದಾಗಿ ಇಂಜಿನ್ ಬಿಗಿದು ನಿಂತಿತು. ಸಿಲಿಂಡರಿನೊಳಗಿನ ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರಿದಾಗ ಕನೆಕ್ಟಿಂಗ್ ರಾಡ್ ಬಾಗಲೇಬೇಕು. ನಮ್ಮದರಲ್ಲಿ ಎರಡು ಬಾಗಿದ್ದವು.

ಗುಜರಿಯವರು ಬಂದು ಬೆಲೆ ಕಟ್ಟಿದರು. ಅಣ್ಣ ಒಪ್ಪಲಿಲ್ಲ. ಹೊಸ ಗಾಡಿಗೆ ಸಾಲ ಮಾಡುವ ತ್ರಾಣವೂ ಇರಲಿಲ್ಲ. ನಿಪ್ಪಾಣಿಯಿಂದ ಬಂದ ಮಿಸ್ತ್ರಿ ಎಲ್ಲ ನೋಡಿ, "ಗಾಡಿ ಸತ್ತಿಲ್ರಿ ಸಾಹೇಬ್ರ. ಆದ್ರ ಗಡಿಬಿಡಿ ಮಾಡಬ್ಯಾಡ್ರಿ" ಎಂದರು. ಮನೆಯಲ್ಲೇ ಬಿಚ್ಚಲು ನಿರ್ಧರಿಸಿದೆವು. ರಜೆಯ ದಿನಗಳಲ್ಲಿ ನಾನೂ ಕೈಗೂಡಿಸುತ್ತಿದ್ದೆ.

ಆ ವರ್ಷದ ಹಂಗಾಮು ತಪ್ಪಿತು. 2020ರ ಮಾರ್ಚಿನಲ್ಲಿ ಬಿಡಿಭಾಗಗಳಿಗೆ ಹಣ ಕೂಡುವಷ್ಟರಲ್ಲಿ ಲಾಕ್‌ಡೌನ್ ಬಂದು ಅಂಗಡಿಗಳು ಮುಚ್ಚಿದವು. ತೆರೆದ ಮೇಲೆ ರಾಡು, ಬೇರಿಂಗು, ರಿಂಗುಗಳನ್ನು ತಂದು ಇಂಜಿನ್ ಕೂಡಿಸಿದೆವು. ಚಾಲೂ ಆಯಿತು. ಓಣಿಗೆಲ್ಲ ಪೇಢೆ ಹಂಚಿದೆವು. ಮರುದಿನ ರೇಡಿಯೇಟರಿನಲ್ಲಿ ಗುಳ್ಳೆ ಏಳತೊಡಗಿದವು. ಹೆಡ್ಡಿನ ತಳ ಸಮವಾಗಿದೆಯೇ ಎಂದು ಪರೀಕ್ಷಿಸದೆ ಹೊಸ ಪ್ಯಾಕಿಂಗ್ ಹಾಕಿದ್ದೆವು. ಖರ್ಚು ಉಳಿಯಲೆಂದು ಪರೀಕ್ಷೆ ಬೇಡವೆಂದವನು ನಾನೇ. ಅಣ್ಣ ಮೂರು ದಿನ ನನ್ನೊಡನೆ ಮಾತನಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನೋಡಿದರೆ, ಪಾನಾ ಹಿಡಿದು ಹೆಡ್ಡಿನ ಬೋಲ್ಟು ಬಿಚ್ಚುತ್ತ ಕುಳಿತಿದ್ದರು.

ಈ ಸಲ ಹೆಡ್ಡನ್ನು ಯಂತ್ರದಲ್ಲಿ ಸಮ ಮಾಡಿಸಿದೆವು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಮ್ಮೆಲೇ ಬಿಗಿಯದೆ ಮೂರು ಸುತ್ತಿನಲ್ಲಿ ಬಿಗಿದೆವು. ಚಿಕ್ಕೋಡಿಯ ಸಾರಿಗೆ ಕಚೇರಿಯಲ್ಲಿ ಫಿಟ್‌ನೆಸ್ ಆಯಿತು. ಒಟ್ಟು ಖರ್ಚು 1 ಲಕ್ಷ 34 ಸಾವಿರ ರೂಪಾಯಿ. ಮುಂದಿನ ಹಂಗಾಮಿನಲ್ಲಿ ಟ್ರಕ್ಕು ಕಬ್ಬು ಹೊತ್ತಿತು.

ನಿಮ್ಮ ಯಂತ್ರ ನೀರಿನಲ್ಲಿ ಮುಳುಗಿದರೆ ಈ ಕ್ರಮ ಅನುಸರಿಸಿರಿ:

1) ಚಾಲೂ ಮಾಡಲು ಹೋಗಬೇಡಿರಿ, ಎಳೆಸಲೂ ಬೇಡಿರಿ. ಬ್ಯಾಟರಿಯ ವಾಯರು ಬಿಚ್ಚಿರಿ.

2) ವಿಮೆ ಇದ್ದಲ್ಲಿ ಮುಟ್ಟುವ ಮೊದಲು ಫೋಟೋ ತೆಗೆದು ವಿಮಾ ಕಂಪನಿಗೆ ತಿಳಿಸಿರಿ.

3) ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್‌ಗಳ ಎಣ್ಣೆ ಇಳಿಸಿ ನೋಡಿರಿ. ಹಾಲು ಹಾಕಿದ ಚಹದ ಬಣ್ಣವಿದ್ದರೆ ನೀರು ಸೇರಿದೆಯೆಂದು ತಿಳಿಯಿರಿ. ಡೀಸೆಲ್ ಟಾಕಿಯನ್ನೂ ಬರಿದು ಮಾಡಿರಿ.

4) ಇಂಜೆಕ್ಟರುಗಳನ್ನು ತೆಗೆದು ಇಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸಿರಿ. ಸಿಲಿಂಡರಿನ ನೀರು ಹೊರಬೀಳುತ್ತದೆ. ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ ಮಿಸ್ತ್ರಿಯನ್ನು ಕರೆಸಿರಿ.

5) ಚಕ್ರದ ಬೇರಿಂಗುಗಳನ್ನು ತೊಳೆದು ಹೊಸ ಗ್ರೀಸ್ ತುಂಬಿರಿ. ಬ್ರೇಕು ಪರೀಕ್ಷಿಸದೆ ರಸ್ತೆಗೆ ತರಬೇಡಿರಿ.

6) ಬಿಚ್ಚುವ ಮೊದಲು ಗುಜರಿ ಬೆಲೆ, ದುರಸ್ತಿ ಖರ್ಚು, ಒಂದು ಹಂಗಾಮಿನ ದುಡಿಮೆ, ಈ ಮೂರನ್ನೂ ಬರೆದು ತೂಗಿ ನೋಡಿರಿ. ದುಡಿಮೆಗಿಂತ ದುರಸ್ತಿಯೇ ಭಾರವಾದರೆ ಗುಜರಿಗೆ ಕೊಡುವುದರಲ್ಲಿ ಅವಮಾನವಿಲ್ಲ.

2021ರ ಜುಲೈನಲ್ಲಿ ವೇದಗಂಗೆ ಮತ್ತೆ ಉಕ್ಕಿ ಯಮಗರ್ಣಿಯ ಹತ್ತಿರ ಹೆದ್ದಾರಿಯ ಮೇಲೂ ಹರಿಯಿತು. ಘಟ್ಟದಲ್ಲಿ ಮಳೆ ಜೋರಾದ ಸುದ್ದಿ ಕೇಳಿದ ರಾತ್ರಿಯೇ ಅಣ್ಣ ಟ್ರಕ್ಕನ್ನು ಊರ ಎತ್ತರದ ಜಾಗಕ್ಕೆ ತಂದು ನಿಲ್ಲಿಸಿದ್ದರು. ನೆರೆಮನೆಯವರ ಎರಡು ಪಂಪುಗಳೂ ಅದರಲ್ಲೇ ಬಂದಿದ್ದವು. ಮಳೆಗಾಲಕ್ಕೆ ಮೊದಲೇ ನೀವೂ ಅಂಥದೊಂದು ಜಾಗ ಗೊತ್ತು ಮಾಡಿಟ್ಟುಕೊಳ್ಳಿರಿ.