ಒಂಬತ್ತನೇ ತರಗತಿಯ ಪ್ರೋಗ್ರೆಸ್ ಕಾರ್ಡ್ ಎಲ್ಲಿದೆ?

2025ರ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ದಾವಣಗೆರೆಯಿಂದ ಅಕ್ಕನ ಫೋನ್ ಬಂತು. ಪುಣೆಯಲ್ಲಿ ನಾನಿನ್ನೂ ಚಹಾ ಕುಡಿದಿರಲಿಲ್ಲ.

‘ತಮ್ಮಾ, ಅಮೆರಿಕದ ಕಾಲೇಜುಗಳಲ್ಲಿ ಓಡೋರಿಗೆ, ಜಿಗಿಯೋರಿಗೆ ಪುಕ್ಕಟೆ ಸೀಟ್ ಕೊಡ್ತಾರಂತಲ್ಲ, ಹೌದೇನೋ?’

ಅಕ್ಕನ ಮಗಳು ಪುಟ್ಟಿ ಟ್ರಿಪಲ್ ಜಂಪ್ ಹುಡುಗಿ. ರಾಜ್ಯಮಟ್ಟದಲ್ಲಿ ಪದಕ ತಂದವಳು. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು ಕ್ರೀಡಾಂಗಣದಲ್ಲೇ ಅವಳನ್ನು ಹಿಡಿದು ಮಾತಾಡಿಸಿದ್ದರು. ನೂರಕ್ಕೆ ನೂರು ಸ್ಕಾಲರ್‌ಶಿಪ್ ಗ್ಯಾರಂಟಿ ಎಂದಿದ್ದರು. ಮೊದಲು ಒಂದು ಲಕ್ಷ ರೂಪಾಯಿ ಕೊಡಬೇಕು, ಸೀಟ್ ಸಿಕ್ಕ ಮೇಲೆ ಮೊದಲ ವರ್ಷದ ಸ್ಕಾಲರ್‌ಶಿಪ್ ಮೊತ್ತದಲ್ಲಿ ಶೇ 10 ಕೊಡಬೇಕು. ಭಾವ ಆಗಲೇ ಚೀಟಿ ದುಡ್ಡು ಎತ್ತಲು ಓಡಾಡುತ್ತಿದ್ದರು.

ಮನೆಯಲ್ಲಿ ಎಂ.ಟೆಕ್ ಮಾಡಿದವನು ಒಬ್ಬನಿದ್ದರೆ ಗೀಸರ್ ಕೆಟ್ಟರೂ ಅವನನ್ನೇ ಕೇಳುತ್ತಾರೆ. ಹಾಗೆ ಇದೂ ನನ್ನ ತಲೆಗೆ ಬಂತು. ‘ಒಂದು ವಾರ ತಡೀರಿ ಭಾವ, ಓದಿ ಹೇಳ್ತೀನಿ’ ಎಂದೆ. ಓದಿ ಮುಗಿಸಲು ಹಿಡಿದದ್ದು ಒಂದೂವರೆ ತಿಂಗಳು.

ಅಮೆರಿಕದ ಕಾಲೇಜು ಕ್ರೀಡೆಯ ಬಹುಪಾಲನ್ನು ನಡೆಸುವುದು ನ್ಯಾಷನಲ್ ಕಾಲೇಜಿಯೇಟ್ ಅಥ್ಲೆಟಿಕ್ ಅಸೋಸಿಯೇಷನ್, ಅಂದರೆ ಎನ್‌ಸಿಎಎ. ಅದರಲ್ಲಿ ಮೂರು ಡಿವಿಷನ್‌ಗಳು. ಮೊದಲನೆಯದರಲ್ಲಿ ದೊಡ್ಡ ವಿಶ್ವವಿದ್ಯಾಲಯಗಳು, ದೊಡ್ಡ ದುಡ್ಡು. ಎರಡನೆಯದರಲ್ಲಿ ಮಧ್ಯಮ ಗಾತ್ರದವು, ಅರ್ಧ-ಕಾಲು ಸ್ಕಾಲರ್‌ಶಿಪ್‌ಗಳು. ಮೂರನೆಯದರಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. ಹಾರ್ವರ್ಡ್, ಪ್ರಿನ್ಸ್‌ಟನ್‌ಗಳಿರುವ ಐವಿ ಲೀಗ್ ಮೊದಲ ಡಿವಿಷನ್‌ನಲ್ಲಿದ್ದರೂ ಆಟದ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಮೊದಲ ಡಿವಿಷನ್ನಿನ ನಿಯಮಪುಸ್ತಕವೇ ನಾನೂರು ಪುಟಗಳ ಆಸುಪಾಸಿನದು. ಕೋಡ್ ಓದುವವನಿಗೆ ಅದು ತೀರಾ ಅಪರಿಚಿತ ಅನ್ನಿಸಲಿಲ್ಲ. ಒಂದು ಷರತ್ತು, ಅದಕ್ಕೊಂದು ವಿನಾಯಿತಿ, ವಿನಾಯಿತಿಗೆ ಇನ್ನೊಂದು ಷರತ್ತು.

ನಮ್ಮ ಅಂತರ ವಿಶ್ವವಿದ್ಯಾಲಯ ಕೂಟಗಳಲ್ಲಿ ಮುಖ್ಯವಾಗಿ ನೋಡುವುದು ವಯಸ್ಸು ಎಷ್ಟು, ಪೂರ್ಣಾವಧಿ ವಿದ್ಯಾರ್ಥಿ ಹೌದೋ ಅಲ್ಲವೋ ಎಂಬುದನ್ನು. ಅಲ್ಲಿ ಲೆಕ್ಕ ಬೇರೆ. ನಾನು ಓದಿದ ಹೊತ್ತಿನ ನಿಯಮದ ಪ್ರಕಾರ ಮೊದಲ ಡಿವಿಷನ್‌ನಲ್ಲಿ ಒಬ್ಬ ಆಟಗಾರನಿಗೆ ನಾಲ್ಕು ಋತುಗಳ ಸ್ಪರ್ಧೆ, ಅದನ್ನು ಮುಗಿಸಲು ಐದು ವರ್ಷಗಳ ಗಡಿಯಾರ. ಗಾಯವಾದರೂ, ಓದು ಬಿಟ್ಟು ಕೂತರೂ ಗಡಿಯಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅದು ಶುರುವಾಗುವುದು ಯಾವಾಗ? ಅಮೆರಿಕಕ್ಕೆ ಹೋದ ದಿನ ಎಂದು ನಾನಂದುಕೊಂಡಿದ್ದೆ. ಅಲ್ಲ. ಯಾವುದೇ ದೇಶದ ಯಾವುದೇ ಕಾಲೇಜಿಗೆ ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರಿದ ದಿನ. ದಾವಣಗೆರೆಯ ಕಾಲೇಜಾದರೂ ಸರಿಯೇ.

ಇದನ್ನು ಓದಿದಾಗ ರಾತ್ರಿ ಹನ್ನೊಂದಾಗಿತ್ತು. ಆದರೂ ಅಕ್ಕನಿಗೆ ಫೋನ್ ಮಾಡಿದೆ.

ಪುಟ್ಟಿ 2024ರಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದಳು. ಆಮೇಲೆ ಒಂದು ವರ್ಷ ಪೂರ್ತಿ ಅಭ್ಯಾಸ ಮಾಡುತ್ತೇನೆ ಎಂದು ಅವಳ ಹಟ. ‘ಸುಮ್ಮನೆ ಮನೇಲಿ ಕೂರೋದ್ಯಾಕೆ, ಒಂದು ಸೀಟ್ ಹಿಡಿದಿಟ್ಟಿರೋಣ’ ಎಂದು ಭಾವ ಬಿಸಿಎಗೆ ಸೇರಿಸಿದ್ದರು. ನಮ್ಮ ಯಾವ ಮನೆಯಲ್ಲಾದರೂ ಇದೇ ಆಗುತ್ತಿತ್ತು. ಅವಳು ಎರಡು ಸೆಮಿಸ್ಟರ್ ಹೋಗಿದ್ದಳು. ಕಾಲೇಜಿನವರು ಖುಷಿಯಿಂದ ಅಂತರ ಕಾಲೇಜು ಕೂಟಕ್ಕೆ ಕಳಿಸಿದ್ದರು, ಅಲ್ಲಿ ಗೆದ್ದೂ ಬಂದಿದ್ದಳು. ಆ ಫೋಟೊ ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇನ್ನೂ ಇದೆ. ನಾನೇ ಅದಕ್ಕೆ ಚಪ್ಪಾಳೆ ಒತ್ತಿದ್ದೆ.

ಎನ್‌ಸಿಎಎ ಲೆಕ್ಕದಲ್ಲಿ ಆ ಒಂದು ಕೂಟದಿಂದ ಒಂದು ಋತು ಹೋಯಿತು. ಐದರಲ್ಲಿ ಒಂದು ವರ್ಷವೂ ಹೋಯಿತು. ಇನ್ನು ಅವಳು ಹೊಸ ವಿದ್ಯಾರ್ಥಿಯೂ ಅಲ್ಲ, ಬೇರೆ ಕಾಲೇಜಿನಿಂದ ಬರುವ ವರ್ಗಾವಣೆ ವಿದ್ಯಾರ್ಥಿ. ಅದಕ್ಕೆ ಬೇರೆಯೇ ನಿಯಮಗಳು.

ಹಾಗಾದರೆ ಕಾಲೇಜಿಗೆ ಸೇರದೆ ಮನೆಯಲ್ಲೇ ಇದ್ದಿದ್ದರೆ? ಅದಕ್ಕೂ ಲೆಕ್ಕವಿದೆ. ಅಥ್ಲೆಟಿಕ್ಸ್‌ನಲ್ಲಿ ಶಾಲಾ ಶಿಕ್ಷಣ ಮುಗಿದ ಮೇಲೆ ಒಂದು ವರ್ಷದ ವಿನಾಯಿತಿ. ಆ ವರ್ಷ ಎಷ್ಟು ಕೂಟಗಳಲ್ಲಾದರೂ ಜಿಗಿಯಬಹುದು. ಅದು ದಾಟಿ ಕೂಟಗಳಿಗೆ ಹೋಗುತ್ತಿದ್ದರೆ ಒಂದೊಂದು ವರ್ಷಕ್ಕೂ ಒಂದೊಂದು ಋತು ಕಳೆಯುತ್ತದೆ. ಅಂದರೆ ಪುಟ್ಟಿ ಹಟ ಹಿಡಿದದ್ದೇ ಸರಿಯಿತ್ತು. ನಾವು ದೊಡ್ಡವರು ಜಾಣತನ ಎಂದು ಮಾಡಿದ್ದು ತಪ್ಪಾಗಿತ್ತು. ಇದನ್ನು ಭಾವನಿಗೆ ಹೇಳಬೇಕಾದಾಗ ನಾನು ಎರಡು ದಿನ ಫೋನ್ ಮುಂದೂಡಿದೆ.

ಇನ್ನು ಓದಿನ ಅರ್ಹತೆ. ಮೊದಲ ಡಿವಿಷನ್‌ಗೆ 16 ಮೂಲ ವಿಷಯಗಳು ಬೇಕು. ಇಂಗ್ಲಿಷ್ ನಾಲ್ಕು ವರ್ಷ, ಗಣಿತ ಮೂರು, ವಿಜ್ಞಾನ ಎರಡು, ಸಮಾಜ ವಿಜ್ಞಾನ ಎರಡು, ಈ ಮೊದಲ ಮೂರರಲ್ಲಿ ಯಾವುದಾದರೂ ಒಂದು ಹೆಚ್ಚುವರಿ, ಮೇಲೆ ಇನ್ನೂ ನಾಲ್ಕು. ಸರಾಸರಿ 4ಕ್ಕೆ ಕನಿಷ್ಠ 2.3 ಅಂಕ. ಪಿಯುಸಿ ವಿಜ್ಞಾನದಲ್ಲಿ ಸಮಾಜ ವಿಜ್ಞಾನ ಎಲ್ಲಿದೆ ಎಂದು ಮೊದಲು ಗಾಬರಿಯಾದೆ. ಆದರೆ ಅವರು ಎಣಿಸುವುದು ಒಂಬತ್ತನೇ ತರಗತಿಯಿಂದ. ಒಂಬತ್ತು, ಹತ್ತರಲ್ಲಿ ಓದಿದ ಇತಿಹಾಸ-ಪೌರನೀತಿಯೇ ಆ ಎರಡು ವರ್ಷಗಳನ್ನು ತುಂಬುತ್ತದೆ. ಹತ್ತನೇ ತರಗತಿಯ ಸಮಾಜ ಪುಸ್ತಕ ಟ್ರಿಪಲ್ ಜಂಪ್‌ಗೆ ಉಪಯೋಗಕ್ಕೆ ಬರುತ್ತದೆಂದು ನಮ್ಮ ಮೇಷ್ಟ್ರಿಗೂ ಗೊತ್ತಿರಲಿಲ್ಲ.

ಆದರೆ ಒಂಬತ್ತನೇ ತರಗತಿಯ ಅಂಕಪಟ್ಟಿ ಯಾರ ಹತ್ತಿರ ಇದೆ? ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿಗಳನ್ನು ಬೀರುವಿನಲ್ಲಿ ಪ್ಲಾಸ್ಟಿಕ್ ಕವರ್ ಹಾಕಿ ಇಡುತ್ತೇವೆ. ಒಂಬತ್ತರ ಪ್ರೋಗ್ರೆಸ್ ಕಾರ್ಡ್ ಅಪ್ಪನ ಸಹಿಯಾಗಿ ಶಾಲೆಗೆ ವಾಪಸ್ ಹೋಗಿರುತ್ತದೆ. ಪುಟ್ಟಿಯ ವಿಷಯದಲ್ಲಿ ಇನ್ನೊಂದು ತೊಡಕು. ಅವಳ ಒಂಬತ್ತನೇ ತರಗತಿ 2020-21, ಕೊರೊನಾ ವರ್ಷ. ಆ ವರ್ಷ ಒಂದರಿಂದ ಒಂಬತ್ತರವರೆಗೆ ರಾಜ್ಯದಲ್ಲಿ ವಾರ್ಷಿಕ ಪರೀಕ್ಷೆಯೇ ಇಲ್ಲದೆ ಪಾಸ್ ಮಾಡಿದ್ದರು. ಅಕ್ಕ ಮೂರು ಸಲ ಶಾಲೆಗೆ ಹೋಗಿ ಬಂದಳು. ಮೊದಲ ಸಲ ಗುಮಾಸ್ತರು ರಜೆ. ಎರಡನೇ ಸಲ ರಿಜಿಸ್ಟರ್ ಸಿಕ್ಕಿತು, ಅದರಲ್ಲಿ ಗ್ರೇಡ್ ಮಾತ್ರ ಇತ್ತು. ಮೂರನೇ ಸಲ ಮುಖ್ಯೋಪಾಧ್ಯಾಯರೇ ಕೂತು, ಆ ವರ್ಷ ಏನೇನು ಓದಿಸಿದ್ದರು, ಮೌಲ್ಯಮಾಪನ ಹೇಗೆ ಮಾಡಿದ್ದರು ಎಂದು ಇಂಗ್ಲಿಷ್‌ನಲ್ಲಿ ಪತ್ರ ಬರೆದು, ಸೀಲ್ ಹಾಕಿ, ಸಹಿ ಮಾಡಿ ಕೊಟ್ಟರು. ‘ಅಮೆರಿಕಕ್ಕೆ ನಮ್ಮ ಸ್ಕೂಲಿನ ಸೀಲ್ ಹೋಗುತ್ತಾ?’ ಎಂದು ಅವರೇ ಎರಡು ಸಲ ಕೇಳಿದರಂತೆ.

ನಮ್ಮಂಥ ಹೊರನಾಡಿನವರಿಗೆ ಇದು ಇನ್ನೂ ಗೋಜಲು. ಒಂಬತ್ತನೇ ತರಗತಿ ಹೈದರಾಬಾದಿನಲ್ಲಿ, ಹತ್ತು ಪುಣೆಯಲ್ಲಿ, ಹನ್ನೊಂದಕ್ಕೆ ಮತ್ತೆ ಬೆಂಗಳೂರು. ಅಪ್ಪನ ಪ್ರಾಜೆಕ್ಟ್ ಬದಲಾದಂತೆ ಮಕ್ಕಳ ಬೋರ್ಡ್ ಬದಲಾಗುತ್ತದೆ. ಒಂಬತ್ತರಿಂದ ಓದಿದ ಪ್ರತಿ ಶಾಲೆಯ ದಾಖಲೆಯನ್ನೂ ಅವರು ಕೇಳುತ್ತಾರೆ. ನನ್ನ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ದಿನಾ ಬೆಳಿಗ್ಗೆ ಐದೂವರೆಗೆ ಮಕ್ಕಳನ್ನು ಇಳಿಸುವ ತಂದೆ-ತಾಯಿಯರಿಗೆ ಇದನ್ನು ಹೇಳಿದರೆ ಯಾರೂ ನಂಬಲಿಲ್ಲ.

ಕೋಚ್‌ಗಳು ಆಟಗಾರರನ್ನು ಸಂಪರ್ಕಿಸುವುದಕ್ಕೂ ತಾರೀಖು ಇದೆ. ಹೆಚ್ಚಿನ ಆಟಗಳಲ್ಲಿ ಮೊದಲ ಡಿವಿಷನ್ನಿನ ಕೋಚ್, ಹುಡುಗಿ ಹತ್ತನೇ ತರಗತಿ ಮುಗಿಸಿದ ಬಳಿಕ ಬರುವ ಜೂನ್ 15ರವರೆಗೆ ಅವಳೊಂದಿಗೆ ಸೇರ್ಪಡೆಯ ಮಾತೆತ್ತುವಂತಿಲ್ಲ. ಪುಟ್ಟಿಯ ಜೊತೆ ಓಡುವ ಒಬ್ಬಳು ಹತ್ತರಲ್ಲಿದ್ದಾಗ ಹನ್ನೆರಡು ಕೋಚ್‌ಗಳಿಗೆ ಮೇಲ್ ಬರೆದು, ಒಂದು ಉತ್ತರವೂ ಬಾರದೆ, ‘ನಮ್ಮಂಥವರಿಗಲ್ಲ ಬಿಡು’ ಎಂದು ಕೈಬಿಟ್ಟಿದ್ದಳು. ಆ ಮೌನ ನಿಯಮದ ಮೌನವೂ ಇರಬಹುದೆಂದು ಅವಳಿಗೆ ಹೇಳುವವರು ಇರಲಿಲ್ಲ. ಜೂನ್ 15 ಕಳೆದ ಮೇಲೆ ಅದೇ ಮೇಲ್ ಮತ್ತೆ ಕಳಿಸಬೇಕಿತ್ತು. ಜಿಗಿತದ ವಿಡಿಯೊ, ಅಧಿಕೃತ ಕೂಟದ ದೂರ, ಅಂಕಪಟ್ಟಿ ಇಷ್ಟಿದ್ದರೆ ಸಾಕು. ನಡುವೆ ಕನ್ಸಲ್ಟೆನ್ಸಿ ಇರಲೇಬೇಕೆಂದು ಯಾವ ನಿಯಮವೂ ಇಲ್ಲ.

ಕನ್ಸಲ್ಟೆನ್ಸಿಯ ವಿಷಯಕ್ಕೆ ಬಂದೆ. ಮಾಹಿತಿ ಹಂಚುವ ಸೇವೆಗೆ ನಿಗದಿತ ಶುಲ್ಕ ಕೊಡುವುದು ತಪ್ಪಲ್ಲ. ಆದರೆ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಕೊಡಿಸಿದ್ದಕ್ಕೆ ಪ್ರತಿಫಲವಾಗಿ ಶುಲ್ಕ ಎಂಬ ಒಪ್ಪಂದ ಮಾಡಿಕೊಂಡರೆ ಆಟಗಾರಳ ಅರ್ಹತೆಗೇ ಕುತ್ತು. ಸ್ಕಾಲರ್‌ಶಿಪ್ಪಿನಲ್ಲಿ ಶೇ 10 ಎಂದು ಬರೆದಿದ್ದ ಆ ಕಾಗದವನ್ನು ಭಾವ ಫೋಟೊ ತೆಗೆದು ಕಳಿಸಿದ್ದರು. ಅವರು ಮಾರುತ್ತಿದ್ದ ವಸ್ತುವನ್ನು ಅವರ ಬಿಲ್ಲೇ ಹಾಳುಮಾಡುವಂತಿತ್ತು. ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬರೆದಿದ್ದರೋ, ನಾನು ಕೇಳಲು ಹೋಗಲಿಲ್ಲ. ಭಾವ ಚೀಟಿ ಎತ್ತಲಿಲ್ಲ, ಅಷ್ಟು ಸಾಕಾಯಿತು.

ಗ್ಯಾರಂಟಿ ಮಾತೂ ಪೊಳ್ಳು. 2024-25ರವರೆಗೆ ಮೊದಲ ಡಿವಿಷನ್ನಿನ ಮಹಿಳಾ ಅಥ್ಲೆಟಿಕ್ಸ್ ತಂಡವೊಂದಕ್ಕೆ ಒಟ್ಟು 18 ಪೂರ್ಣ ಸ್ಕಾಲರ್‌ಶಿಪ್, ಪುರುಷರಿಗೆ 12.6. ಆ ಪಾಯಿಂಟ್ ಆರು ಏಕೆಂದರೆ ಅದನ್ನು ತುಂಡು ಮಾಡಿ ಮೂವತ್ತು-ನಲವತ್ತು ಜನಕ್ಕೆ ಹಂಚುತ್ತಾರೆ. ನಾನು ಓದುತ್ತಿದ್ದಾಗಲೇ, 2025ರ ಜೂನ್ 6ರಂದು, ಹೌಸ್ ಪ್ರಕರಣದ ಒಪ್ಪಂದಕ್ಕೆ ಅಲ್ಲಿನ ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಅದಕ್ಕೆ ಒಳಪಟ್ಟ ಕಾಲೇಜುಗಳು ಆಟಗಾರರಿಗೆ 2025-26ರಲ್ಲಿ ಸುಮಾರು 2.05 ಕೋಟಿ ಡಾಲರ್‌ವರೆಗೆ ನೇರವಾಗಿ ಹಂಚಬಹುದಿತ್ತು. ಸ್ಕಾಲರ್‌ಶಿಪ್ ಮಿತಿ ಹೋಗಿ ತಂಡದ ತಲೆಗಳ ಮಿತಿ ಬಂತು, ಅಥ್ಲೆಟಿಕ್ಸ್‌ಗೆ 45. ನಾನು ಮಾಡಿಟ್ಟಿದ್ದ ಅರ್ಧ ಟಿಪ್ಪಣಿ ಹಳತಾಯಿತು. ಆ ದುಡ್ಡಿನ ಬಹುಪಾಲು ಅಮೆರಿಕನ್ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಹುಡುಗರ ಪಾಲು, ಟ್ರಿಪಲ್ ಜಂಪ್‌ಗೆ ಅದರ ಹನಿ ಮುಟ್ಟುವುದೂ ಅನುಮಾನ.

ದುಡ್ಡಿನ ವಿಷಯದಲ್ಲಿ ಈ ವ್ಯವಸ್ಥೆಯ ನ್ಯಾಯ ನನಗೆ ಇನ್ನೂ ಅರ್ಥವಾಗಿಲ್ಲ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಲಕ್ಷಾಂತರ ಡಾಲರ್ ಗಳಿಸಬಹುದು. ಅದೇ ವರ್ಷ ಹದಿಹರೆಯದ ಟೆನಿಸ್ ಆಟಗಾರ್ತಿ ರೀಸ್ ಬ್ರಾಂಟ್‌ಮಯರ್ ಯುಎಸ್ ಓಪನ್‌ನಲ್ಲಿ ಸುಮಾರು 49 ಸಾವಿರ ಡಾಲರ್ ಬಹುಮಾನ ಗೆದ್ದರೆ, ಕಾಲೇಜಿನಲ್ಲಿ ಆಡುವ ಅರ್ಹತೆ ಉಳಿಸಿಕೊಳ್ಳಲು ಅದರ ಬಹುಪಾಲನ್ನು ಬಿಟ್ಟುಕೊಡಬೇಕಾಯಿತು. ಆಕೆ 2024ರಲ್ಲಿ ಕೋರ್ಟಿಗೆ ಹೋದರು. ಆಗ ಶೂ ಕಂಪನಿ ಕೊಟ್ಟರೆ ಸರಿ, ಆಡಿ ಗೆದ್ದರೆ ತಪ್ಪು ಎಂಬಂತಿತ್ತು. ಈ ನಿಯಮ ಓದಿ ನಾನು ಪುಟ್ಟಿಯ ಬಹುಮಾನಗಳನ್ನೆಲ್ಲ ಪಟ್ಟಿ ಮಾಡಿದೆ. ಬಂದ ನಗದು ಬಸ್ ಚಾರ್ಜು, ವಸತಿ, ಸ್ಪೈಕ್ ಶೂಗೇ ಸಾಲದಷ್ಟಿತ್ತು. ವೆಚ್ಚದ ಮಿತಿಯೊಳಗಿನ ಬಹುಮಾನಕ್ಕೆ ಅಡ್ಡಿಯಿಲ್ಲ. ಬಡತನ ಒಂದು ಕಡೆಯಾದರೂ ಉಪಯೋಗಕ್ಕೆ ಬಂತು ಎಂದು ಅಕ್ಕ ನಕ್ಕಳು.

ಇಷ್ಟೆಲ್ಲ ಇದ್ದೂ ಆ ದಾರಿಯಲ್ಲಿ ಹೋಗಿ ಗೆದ್ದವರಿದ್ದಾರೆ. ಸೋಮದೇವ್ ದೇವವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿದ್ದು 2007, 2008ರಲ್ಲಿ ಎನ್‌ಸಿಎಎ ಟೆನಿಸ್ ಸಿಂಗಲ್ಸ್ ಗೆದ್ದರು. ದೆಹಲಿಯ ತೇಜಸ್ವಿನ್ ಶಂಕರ್ ಕಾನ್ಸಾಸ್ ಸ್ಟೇಟ್‌ನಿಂದ 2018 ಮತ್ತು 2022ರಲ್ಲಿ ಹೈಜಂಪ್ ಚಾಂಪಿಯನ್. ಆ ಕೂಟದಿಂದಾಗಿ ಇಲ್ಲಿನ ಅಂತರ ರಾಜ್ಯ ಕೂಟಕ್ಕೆ ಬರಲಾಗಲಿಲ್ಲ ಎಂದು ಕಾಮನ್‌ವೆಲ್ತ್ ತಂಡದಿಂದ ಹೊರಗುಳಿದು, ದೆಹಲಿ ಹೈಕೋರ್ಟ್ ಮೆಟ್ಟಿಲೇರಿ, ಕೊನೆಗೆ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಕಂಚು ತಂದರು. ನಿಯಮಪುಸ್ತಕ ಅಲ್ಲಿ ಮಾತ್ರ ದಪ್ಪಗಿಲ್ಲ.

ನನಗೆ ಅಲ್ಲಿನ ಒಂದು ನಿಯಮ ಮಾತ್ರ ತುಂಬ ಹಿಡಿಸಿತು. ಎರಡನೇ ವರ್ಷದ ಕೊನೆಗೆ ಪದವಿಯ ಶೇ 40, ಮೂರನೆಯದಕ್ಕೆ 60, ನಾಲ್ಕನೆಯದಕ್ಕೆ 80ರಷ್ಟು ಓದು ಮುಗಿಸಿರದಿದ್ದರೆ ಅಂಗಳಕ್ಕೆ ಇಳಿಸುವುದಿಲ್ಲ. ಎಷ್ಟೋ ಕಾಲೇಜುಗಳಲ್ಲಿ ಕ್ರೀಡಾ ಕೋಟಾದವರು ತರಗತಿಗೆ ಬರದಿರುವುದನ್ನೇ ಸೌಲಭ್ಯ ಎಂದುಕೊಂಡವರು ನಾವು. ಓಟ ನಿಂತ ಮೇಲೆ ಕೈಯಲ್ಲಿ ಏನೂ ಇಲ್ಲದ ಸಹಪಾಠಿಗಳು ನನಗೂ ಇದ್ದಾರೆ.

ಪುಟ್ಟಿಗೆ ಎರಡನೇ ಡಿವಿಷನ್ ಹೆಚ್ಚು ಹೊಂದುತ್ತದೆ ಎಂದು ತಿಳಿದದ್ದು ಕೊನೆಗೆ. ಅಲ್ಲಿ ಐದು ವರ್ಷದ ಗಡಿಯಾರದ ಬದಲು ಹತ್ತು ಸೆಮಿಸ್ಟರ್‌ಗಳ ಲೆಕ್ಕ. ಓದಿದ ಸೆಮಿಸ್ಟರ್ ಮಾತ್ರ ಕಳೆಯುತ್ತದೆ, ಮನೆಯಲ್ಲಿ ಕೂತದ್ದು ಕಳೆಯುವುದಿಲ್ಲ. ಅವಳದು ಎರಡು ಹೋಗಿ ಎಂಟು ಉಳಿದಿತ್ತು, ಋತು ಮೂರು.

ಮೇಲ್‌ಗಳನ್ನು ಅವಳೇ ಬರೆದಳು. ನಾನು ಕಾಗುಣಿತ ಮಾತ್ರ ನೋಡಿದೆ. ಮೂವತ್ತೊಂದು ಕಳಿಸಿದ್ದಕ್ಕೆ ಐದು ಉತ್ತರ ಬಂದವು. ಐದರಲ್ಲೂ ಮೊದಲ ಪ್ರಶ್ನೆ ಒಂದೇ. ಈಗಾಗಲೇ ಎಲ್ಲಾದರೂ ಕಾಲೇಜು ಸೇರಿದ್ದೀಯಾ, ಅಲ್ಲಿಂದ ಸ್ಪರ್ಧಿಸಿದ್ದೀಯಾ?

‘ಮಾಮ, ಇಲ್ಲ ಅಂತ ಬರೆದ್ರೆ ಅವರಿಗೆ ಹೇಗೆ ಗೊತ್ತಾಗುತ್ತೆ?’ ಎಂದು ಕೇಳಿದಳು.

‘ಗೊತ್ತಾಗುತ್ತೋ ಬಿಡುತ್ತೋ, ಬರೀಬೇಡ’ ಎಂದೆ. ಅವಳು ಹೌದು ಎಂದೇ ಬರೆದಳು. ಇಬ್ಬರು ಮತ್ತೆ ಬರೆಯಲಿಲ್ಲ. ಇಬ್ಬರು ಇನ್ನೂ ದೂರ ಜಿಗಿದರೆ ತಿಳಿಸು ಎಂದರು. ಎರಡನೇ ಡಿವಿಷನ್ನಿನ ಒಬ್ಬ ಕೋಚ್ ಬೋಧನಾ ಶುಲ್ಕದ ಅರ್ಧ ಕೊಡಿಸಲು ಪ್ರಯತ್ನಿಸುವೆ ಎಂದರು. ಉಳಿದರ್ಧ, ಊಟ, ವಸತಿ, ವಿಮೆ ಎಲ್ಲ ಸೇರಿಸಿದರೆ ವರ್ಷಕ್ಕೆ ಹದಿನೈದು ಲಕ್ಷ ದಾಟುತ್ತದೆ. ಭಾವ ಮನೆ ಅಡವಿಡುವ ಮಾತೆತ್ತಿದರು. ಪುಟ್ಟಿಯೇ ಬೇಡ ಎಂದಳು. ಬಿಸಿಎ ಮುಂದುವರಿಸಿದ್ದಾಳೆ, ಬೆಳಿಗ್ಗೆ ಅಭ್ಯಾಸವೂ ನಡೆದಿದೆ. ಆ ಕೋಚ್‌ಗೆ ಪ್ರತಿ ಕೂಟದ ದೂರವನ್ನು ಈಗಲೂ ಕಳಿಸುತ್ತಾಳೆ.

ಕಳೆದ ತಿಂಗಳು ಊರಿಗೆ ಹೋದಾಗ ಅವಳ ಜೊತೆ ಕ್ರೀಡಾಂಗಣಕ್ಕೆ ಹೋಗಿದ್ದೆ. ಮರಳಿನ ಅಂಕಣದ ಪಕ್ಕ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ರನ್‌ಅಪ್ ಅಳೆಯುತ್ತಿದ್ದಳು. ಪುಟ್ಟಿ ಅವಳಿಗೆ ಹೆಜ್ಜೆ ತಿದ್ದಿ, ಹೊರಡುವಾಗ ಕೂಗಿ ಹೇಳಿದಳು. ‘ಏ, ಪ್ರೋಗ್ರೆಸ್ ಕಾರ್ಡ್ ಜೆರಾಕ್ಸ್ ಮಾಡಿಸಿದ್ಯೇನೇ? ಹೆಡ್‌ಮಾಸ್ಟರ್ ಸೀಲ್ ಹಾಕಿಸ್ಕೊ.’ ಆ ಹುಡುಗಿ ತಲೆಯಾಡಿಸಿ ಮತ್ತೆ ಓಡಲು ಹೋದಳು.