ಮನವನ್ನು ಕಟ್ಟಬೇಡಿ, ಹೂಡಿರಿ

ಹೊಲಕ್ಕೆ ಬೇಲಿ ಹಾಕಬಹುದು. ಮನೆಗೆ ಬೀಗ ಜಡಿಯಬಹುದು. ಉಕ್ಕಿ ಹರಿಯುವ ಹಳ್ಳಕ್ಕೂ ಒಡ್ಡು ಕಟ್ಟಬಹುದು. ಮನಸ್ಸಿಗೆ ಮಾತ್ರ ಇವಾವುವೂ ಸಾಲವು. ಪೂಜೆಗೆ ಕುಳಿತವನ ಅಂಗೈಯಲ್ಲಿ ಲಿಂಗವಿರುತ್ತದೆ, ಮನಸ್ಸು ಸಂತೆಯಲ್ಲಿ ಎತ್ತಿನ ವ್ಯಾಪಾರ ಮಾಡುತ್ತಿರುತ್ತದೆ. ಊಟಕ್ಕೆ ಕುಳಿತವನ ಎದುರಿಗೆ ರೊಟ್ಟಿ ಇರುತ್ತದೆ, ಮನಸ್ಸು ಹತ್ತು ವರ್ಷದ ಹಿಂದಿನ ದಾಯಾದಿ ಜಗಳದಲ್ಲಿರುತ್ತದೆ. ಇದ್ದಲ್ಲಿ ಇರದಿರುವುದೇ ಮನಸ್ಸಿನ ಸ್ವಭಾವವೆನ್ನುವಷ್ಟರ ಮಟ್ಟಿಗೆ ಅದು ಚಂಚಲವಾದುದು.

ಮಠಕ್ಕೆ ಬರುವ ಹಿರಿಯರು ನಮ್ಮಲ್ಲಿ ಹೆಚ್ಚಾಗಿ ತೋಡಿಕೊಳ್ಳುವುದು ಬಡತನದ ದುಃಖವನ್ನಲ್ಲ. "ಅಪ್ಪಾರೇ, ಹೊಲ-ಮನಿ ಎಲ್ಲಾ ಮಕ್ಕಳ ಕೈಗೆ ಕೊಟ್ಟೀನಿ. ಉಣ್ಣಾಕ ಉಡಾಕ ಕೊರತಿ ಇಲ್ಲ. ಆದರ ಮನಸ್ಸು ಒಂದು ಕಡೆ ನಿಲ್ಲವಲ್ದು, ರಾತ್ರಿ ನಿದ್ದಿ ಹತ್ತವಲ್ದು" ಎನ್ನುವವರೇ ಬಹಳ. ಇದು ಇಂದು ನಿನ್ನೆಯ ಪ್ರಶ್ನೆಯಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಕೇಳಿದ್ದೂ ಇದನ್ನೇ. ಗಾಳಿಯನ್ನು ಹಿಡಿದಿಡುವುದು ಎಷ್ಟು ಕಷ್ಟವೋ ಮನಸ್ಸನ್ನು ಹಿಡಿದಿಡುವುದೂ ಅಷ್ಟೇ ಕಷ್ಟವೆಂದು ಆ ಮಹಾವೀರನೇ ಕೈಚೆಲ್ಲಿದನು. ಗಾಂಡೀವ ಹಿಡಿದವನಿಗೂ ಮನಸ್ಸು ಹಿಡಿಯಲಾಗಲಿಲ್ಲವೆಂದ ಮೇಲೆ ನೊಗ ಹಿಡಿದವರು ನಾಚಬೇಕಾದುದಿಲ್ಲ. ಶ್ರೀಕೃಷ್ಣನು ಅವನನ್ನು ಗದರಿಸಲಿಲ್ಲ. ಹೌದು, ಅದು ಕಷ್ಟವೆಂದೇ ಮೊದಲು ಒಪ್ಪಿಕೊಂಡು, ಅನಂತರ ಎರಡು ಉಪಾಯಗಳನ್ನು ಹೇಳಿದನು. ಒಂದು ಅಭ್ಯಾಸ, ಇನ್ನೊಂದು ವೈರಾಗ್ಯ. ಯೋಗಸೂತ್ರಗಳನ್ನು ರಚಿಸಿದ ಪತಂಜಲಿ ಮಹರ್ಷಿಗಳು ತಮ್ಮ ಗ್ರಂಥದ ಮೊದಲ ಪಾದದಲ್ಲಿಯೇ ಹೇಳುವುದು ಇವೆರಡನ್ನೇ. ಬಲಾತ್ಕಾರವನ್ನು ಇಬ್ಬರೂ ಹೇಳಲಿಲ್ಲ ಎಂಬುದನ್ನು ಭಕ್ತರು ಗಮನಿಸಬೇಕು.

ಮನಸ್ಸು ಎಂದರೇನು? ನಮ್ಮ ಶಾಸ್ತ್ರಕಾರರು ಅಂತಃಕರಣವನ್ನು ನಾಲ್ಕಾಗಿ ವಿಂಗಡಿಸಿದ್ದಾರೆ: ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ. ದನದ ಜಾತ್ರೆಗೆ ಹೋದ ರೈತನನ್ನು ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ಒಂದು ಜೋಡಿ ಹೋರಿ ಕಂಡಾಗ, ಕೊಳ್ಳಲೋ ಬಿಡಲೋ ಎಂದು ತೂಗಾಡುವುದು ಮನಸ್ಸು. ಹಲ್ಲು, ಗೊರಸು, ನಡೆ ನೋಡಿ ಕೊಳ್ಳಬಹುದೆಂದು ನಿಶ್ಚಯಿಸುವುದು ಬುದ್ಧಿ. ಹಿಂದೆ ಇಂಥದೇ ಹೋರಿ ತಂದು ಏನಾಯಿತೆಂದು ನೆನಪಿನ ಬುತ್ತಿ ಬಿಚ್ಚುವುದು ಚಿತ್ತ. ಕೊಂಡು ಮನೆಗೆ ತಂದ ಮೇಲೆ, ಊರಲ್ಲಿ ಇಂಥ ಜೋಡಿ ಯಾರಲ್ಲೂ ಇಲ್ಲ, ಇದು ನನ್ನದು ಎಂದು ಮೀಸೆ ತಿರುವುವುದು ಅಹಂಕಾರ. ನಾಲ್ಕೂ ಒಂದೇ ಮನೆಯವು. ಯಜಮಾನಿಕೆ ಯಾರ ಕೈಗೆ ಹೋಯಿತೆಂಬುದರ ಮೇಲೆ ಮನೆಯ ಬಾಳು ನಿಂತಿದೆ.

ಈ ಯಜಮಾನಿಕೆಯ ಮಾತನ್ನು ಕಠೋಪನಿಷತ್ತು ರಥದ ದೃಷ್ಟಾಂತದಿಂದ ತಿಳಿಸುತ್ತದೆ. ಶರೀರವೇ ರಥ, ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿಯು ಸಾರಥಿ, ಆತ್ಮನು ಒಳಗೆ ಕುಳಿತ ಒಡೆಯ. ಆಶ್ಚರ್ಯವೆಂದರೆ ಸುಮಾರು 2400 ವರ್ಷಗಳ ಹಿಂದೆ ಗ್ರೀಸ್ ದೇಶದ ಪ್ಲೇಟೋ ಎಂಬ ತತ್ತ್ವಜ್ಞಾನಿಯೂ ತನ್ನ 'ಫೀಡ್ರಸ್' ಎಂಬ ಸಂವಾದದಲ್ಲಿ ರಥವನ್ನೇ ಹೂಡಿದ್ದಾನೆ. ಅವನ ರಥಕ್ಕೆ ಎರಡು ಕುದುರೆಗಳು. ಒಂದು ಸಾಧು, ಇನ್ನೊಂದು ತುಂಟ. ಎರಡನ್ನೂ ಒಟ್ಟಿಗೆ ನಡೆಸುವುದೇ ಸಾರಥಿಯ ಕಷ್ಟ. ನಮ್ಮ ಋಷಿಗಳಾಗಲಿ ಆ ಗ್ರೀಕ್ ಪಂಡಿತನಾಗಲಿ ಕುದುರೆಯನ್ನು ಕೊಲ್ಲಿರಿ ಎಂದು ಹೇಳಲಿಲ್ಲ. ಕುದುರೆ ಸತ್ತರೆ ರಥ ನಡೆಯುವುದೆಂತು?

'ಯೋಗ' ಎಂಬ ಶಬ್ದವು 'ಯುಜ್' ಎಂಬ ಧಾತುವಿನಿಂದ ಬಂದುದು. ಕೂಡಿಸುವುದು, ಹೂಡುವುದು ಎಂದು ಅದರ ಅರ್ಥ. ಹೂಡುವ ವಿದ್ಯೆಯನ್ನು ರೈತಭಕ್ತರಿಗೆ ನಾವು ಕಲಿಸಬೇಕಾದುದಿಲ್ಲ. ಎಳೆಯ ಹೋರಿಯನ್ನು ದಿನವಿಡೀ ಗೂಟಕ್ಕೆ ಕಟ್ಟಿ ಹೊಡೆದರೆ ಅದು ಪಳಗೀತೇ? ಹಗ್ಗ ಹರಿಯುತ್ತದೆ, ಇಲ್ಲವೆ ಹಾಯುವುದನ್ನು ಕಲಿಯುತ್ತದೆ. ಬಲ್ಲ ಒಕ್ಕಲಿಗನು ಅದನ್ನು ಪಳಗಿದ ಎತ್ತಿನ ಜೊತೆಗೆ ನೊಗಕ್ಕೆ ಹಾಕುತ್ತಾನೆ. ಮೊದಲ ದಿನ ನಾಲ್ಕು ಸಾಲು, ಮರುದಿನ ಆರು ಸಾಲು. ಸಾಲು ಬಿಟ್ಟು ಹೋದಾಗಲೆಲ್ಲ ಮೆಲ್ಲಗೆ ಮತ್ತೆ ಸಾಲಿಗೆ ತರುತ್ತಾನೆ. ಮನಸ್ಸನ್ನು ಪಳಗಿಸುವ ದಾರಿಯೂ ಇದೇ. ಅದನ್ನು ಕಟ್ಟಬೇಡಿ, ಹೂಡಿರಿ.

ಮನಸ್ಸು ಸಾಲು ತಪ್ಪುವುದು ಯಾವಾಗ? ಬುದ್ಧ ಭಗವಾನರು ಎರಡು ಬಾಣಗಳ ದೃಷ್ಟಾಂತ ಕೊಟ್ಟಿದ್ದಾರೆ. ಮನುಷ್ಯನಿಗೆ ಒಂದು ಬಾಣ ಹೊರಗಿನಿಂದ ತಾಗುತ್ತದೆ. ಮಳೆ ಹೋಗುವುದು, ಬೆಳೆಗೆ ಧಾರಣೆ ಇಲ್ಲದಿರುವುದು, ಮೈಗೆ ಬೇನೆ ಬರುವುದು, ಬಂಧುಗಳ ಅಗಲಿಕೆ, ಇವೆಲ್ಲ ಆ ಮೊದಲ ಬಾಣ. ಅದನ್ನು ತಪ್ಪಿಸಿಕೊಂಡವರಿಲ್ಲ. ಅದು ತಾಗಿದ ಮೇಲೆ, ನನಗೇ ಏಕೆ ಹೀಗಾಯಿತು, ಊರವರು ಏನೆಂದಾರು ಎಂದು ಕೊರಗುತ್ತ ತನ್ನ ಕೈಯಿಂದಲೇ ಚುಚ್ಚಿಕೊಳ್ಳುವುದು ಎರಡನೆಯ ಬಾಣ. ಮೊದಲನೆಯದರ ಗಾಯ ಮಾಯ್ದರೂ ಎರಡನೆಯದರ ಗಾಯ ಮಾಯುವುದಿಲ್ಲ.

ರೋಮ್ ಸಾಮ್ರಾಜ್ಯದಲ್ಲಿ ಎಪಿಕ್ಟೇಟಸ್ ಎಂಬ ಜ್ಞಾನಿಯಿದ್ದನು. ಹುಟ್ಟಿನಿಂದ ಅವನು ಗುಲಾಮ, ಕಾಲು ಕುಂಟು. ಬಿಡುಗಡೆ ಹೊಂದಿ ಗುರುವಾದ ಮೇಲೂ ಡೊಮಿಷಿಯನ್ ಚಕ್ರವರ್ತಿಯು ತತ್ತ್ವಜ್ಞಾನಿಗಳನ್ನೆಲ್ಲ ರೋಮ್ ನಗರದಿಂದ ಹೊರಹಾಕಿದಾಗ ಇವನೂ ಹೊರಬೀಳಬೇಕಾಯಿತು. ಇಷ್ಟೆಲ್ಲ ಕಂಡವನು ಶಿಷ್ಯರಿಗೆ ಕಲಿಸಿದ ಪಾಠವೇನು? ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದಿರುವುದು ಯಾವುದು ಎಂದು ಮೊದಲು ಬೇರ್ಪಡಿಸಿಕೊಳ್ಳಿರಿ ಎಂಬುದು. ಮಳೆ ನಮ್ಮ ಕೈಯಲ್ಲಿಲ್ಲ, ಬಿತ್ತುವುದು ನಮ್ಮ ಕೈಯಲ್ಲಿದೆ. ಪರರ ನಾಲಗೆ ನಮ್ಮ ಕೈಯಲ್ಲಿಲ್ಲ, ನಮ್ಮ ನಾಲಗೆ ನಮ್ಮ ಕೈಯಲ್ಲಿದೆ. ಮುಂದೆ 161ರಿಂದ 180ರವರೆಗೆ ರೋಮ್ ದೇಶವನ್ನಾಳಿದ ಮಾರ್ಕಸ್ ಅರೇಲಿಯಸ್ ಚಕ್ರವರ್ತಿಯು ಈ ಗುಲಾಮನ ಬೋಧೆಯನ್ನೇ ಓದಿ, ತನ್ನ ಮನಸ್ಸನ್ನು ತಾನೇ ತಿದ್ದಿಕೊಳ್ಳಲು ದಂಡಯಾತ್ರೆಯ ನಡುವೆಯೂ ಟಿಪ್ಪಣಿ ಬರೆದುಕೊಂಡನು. ಗುಲಾಮನಿಗೂ ಚಕ್ರವರ್ತಿಗೂ ಬೇಕಾದ ಔಷಧಿ ಒಂದೇ ಆಯಿತು. ಮನಸ್ಸಿನ ಬೇನೆಗೆ ಸಿರಿತನ ಬಡತನಗಳ ಭೇದವಿಲ್ಲ. ಹನ್ನೆರಡನೆಯ ಶತಮಾನದಲ್ಲಿ ನಮ್ಮ ಅಲ್ಲಮಪ್ರಭುದೇವರೂ ಹೊನ್ನು ಮಣ್ಣುಗಳಲ್ಲಿ ದೋಷ ಕಾಣಲಿಲ್ಲ. ಅವುಗಳತ್ತ ಚಾಚುವ ಮನದ ಆಸೆಯಲ್ಲಿ ಮಾಯೆಯನ್ನು ತೋರಿಸಿಕೊಟ್ಟರು.

ರೋಗದ ಮೂಲ ತಿಳಿಯಿತು, ಇನ್ನು ಅಭ್ಯಾಸದ ಮಾತು. ಮನಸ್ಸು ಎಲ್ಲೆಲ್ಲಿ ಓಡುವುದೋ ಅಲ್ಲಲ್ಲಿಂದ ಅದನ್ನು ಮರಳಿ ತರಬೇಕೆಂದು ಗೀತೆ ಹೇಳುತ್ತದೆ. ಓಡದಂತೆ ಮಾಡು ಎಂದು ಹೇಳುವುದಿಲ್ಲ, ಓಡಿದ ಮೇಲೆ ಮರಳಿ ತಾ ಎನ್ನುತ್ತದೆ. ಅಮೆರಿಕ ದೇಶದ ವಿಲಿಯಂ ಜೇಮ್ಸ್ ಎಂಬ ಮನಶ್ಶಾಸ್ತ್ರಜ್ಞನು 1890ರಲ್ಲಿ ಮನಶ್ಶಾಸ್ತ್ರದ ತತ್ತ್ವಗಳನ್ನು ಕುರಿತು ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದನು. ಅಲೆಯುವ ಗಮನವನ್ನು ಮತ್ತೆ ಮತ್ತೆ ಹಿಂದಕ್ಕೆ ತರುವ ಶಕ್ತಿಯೇ ಮನುಷ್ಯನ ವಿವೇಕಕ್ಕೂ ಶೀಲಕ್ಕೂ ಬೇರು ಎಂದು ಅವನೂ ಬರೆದಿದ್ದಾನೆ. ಅದೇ ಗ್ರಂಥದಲ್ಲಿ ರೂಢಿಯನ್ನು ಕುರಿತು ಒಂದು ಅಧ್ಯಾಯವೇ ಇದೆ. ದಿನದಿನದ ಸಣ್ಣ ನಡತೆಯೇ ಕಡೆಗೆ ಮನುಷ್ಯನನ್ನು ರೂಪಿಸುತ್ತದೆಂದು ಅದರ ಸಾರ. ಬಂಡಿ ಹರಿದು ಹರಿದು ಹೊಲದಲ್ಲಿ ಜಾಡು ಬೀಳುವಂತೆ ಮನಸ್ಸಿನಲ್ಲಿಯೂ ಜಾಡು ಬೀಳುತ್ತದೆ.

2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2250 ಜನರನ್ನು ಹೊತ್ತಲ್ಲದ ಹೊತ್ತಿನಲ್ಲಿ ಮೊಬೈಲ್ ಮೂಲಕ ವಿಚಾರಿಸಿ, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಸಂತೋಷವಾಗಿದ್ದೀರಾ ಎಂದು ಕೇಳಿದರು. ಎಚ್ಚರವಿರುವ ಹೊತ್ತಿನಲ್ಲಿ ಶೇಕಡಾ 47ರಷ್ಟು ಸಲ ಮನಸ್ಸು ಮಾಡುವ ಕೆಲಸದಲ್ಲಿರಲೇ ಇಲ್ಲ! ಅಲೆಯುವ ಮನಸ್ಸಿಗಿಂತ ಕೆಲಸದಲ್ಲಿ ನೆಲೆನಿಂತ ಮನಸ್ಸೇ ಹೆಚ್ಚು ಸಂತೋಷವಾಗಿತ್ತು. ಮಾಡುವ ಕೆಲಸ ಯಾವುದೆಂಬುದಕ್ಕಿಂತ ಅದರಲ್ಲಿ ಮನಸ್ಸು ಇದೆಯೋ ಇಲ್ಲವೋ ಎಂಬುದೇ ಸಂತೋಷಕ್ಕೆ ಹೆಚ್ಚು ಸಂಬಂಧಪಟ್ಟಿತ್ತೆಂದು ಅವರು ಕಂಡುಕೊಂಡರು.

ಶಿವಶರಣರ ಕಾಯಕ ತತ್ತ್ವದ ಮರ್ಮವೂ ಇಲ್ಲಿಯೇ ಇದೆ. ನುಲಿಯ ಚಂದಯ್ಯನವರ ಹಗ್ಗ, ಅಂಬಿಗರ ಚೌಡಯ್ಯನವರ ದೋಣಿ ಹೊಟ್ಟೆ ಹೊರೆಯಲಿಕ್ಕೆ ಮಾತ್ರ ಇದ್ದವಲ್ಲ, ಮನಸ್ಸನ್ನು ಹೂಡುವ ನೊಗಗಳೂ ಆಗಿದ್ದವು. ಆಯ್ದಕ್ಕಿ ಮಾರಯ್ಯನವರು ನೆಲದ ಮೇಲೆ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಸಂತೋಷಪಡಲಿಲ್ಲ. ಈ ಹೆಚ್ಚಿನ ಆಸೆ ನಿಮಗೆಲ್ಲಿಂದ ಬಂತೆಂದು ಕೇಳಿ, ಅದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದರು. ಆ ತಾಯಿ ಅಳೆದುದು ಅಕ್ಕಿಯನ್ನಲ್ಲ, ಪತಿಯ ಮನಸ್ಸನ್ನು. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತುಕೊಳ್ಳುವ ಪದ್ಧತಿಯೂ ಮನಸ್ಸನ್ನು ಹೂಡುವ ಕ್ರಮವೇ. ಕಣ್ಣು ನಿಂತಲ್ಲಿ ಮನಸ್ಸು ನಿಲ್ಲಲು ಕಲಿಯುತ್ತದೆ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಐವತ್ತು ವರ್ಷ ಹೊಲ, ದನ, ಮಳೆ, ಬೆಳೆ ಎಂದು ಹೂಡಿದ್ದ ಮನಸ್ಸನ್ನು ಒಂದೇ ದಿನ ಕೊರಳು ಬಿಚ್ಚಿ ಬಿಟ್ಟರೆ ಅದು ಎಲ್ಲಿಗೆ ಹೋದೀತು? ಹಳೆಯ ಜಗಳಗಳ ಮೇವನ್ನೇ ಮೆಲುಕು ಹಾಕುತ್ತದೆ. ಮಕ್ಕಳೇ, ನೀವು ಕೂತು ಉಣ್ಣಿರಿ ಎಂದು ತಂದೆಯನ್ನು ಕಟ್ಟೆಗೆ ಕಳಿಸುವುದು ಪ್ರೀತಿಯೇ ಇರಬಹುದು. ಆದರೆ ಬಿತ್ತನೆಗೆ ಮುಂಚೆ ಅವರನ್ನು ಒಂದು ಮಾತು ಕೇಳಿರಿ. ಮೊಮ್ಮಕ್ಕಳನ್ನು ಅವರ ತೊಡೆಯ ಮೇಲೆ ಕೂರಿಸಿರಿ. ತಾಯಂದಿರಿಗೆ ಕಾಳು ಹಸನು ಮಾಡುವಷ್ಟಾದರೂ ಕೆಲಸವಿರಲಿ. ಹಿರಿಯರೇ, ನೀವೂ ಯಜಮಾನಿಕೆ ಬಿಡಿರಿ, ಕಾಯಕ ಬಿಡಬೇಡಿರಿ. ಯಜಮಾನಿಕೆ ಬಿಡುವುದು ವೈರಾಗ್ಯ, ಕಾಯಕ ಬಿಡದಿರುವುದು ಅಭ್ಯಾಸ.

ಇಲ್ಲಿ ಇನ್ನೊಂದು ಮಾತನ್ನು ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ. ಚಂಚಲತೆ ಬೇರೆ, ರೋಗ ಬೇರೆ. ವಾರಗಟ್ಟಲೆ ನಿದ್ದೆಯಿಲ್ಲದೆ, ಅನ್ನ ಸೇರದೆ, ಯಾರೊಡನೆಯೂ ಮಾತಾಡದೆ, ಬದುಕಿ ಏನು ಫಲ ಎನ್ನುವವರಿಗೆ, ನಿನ್ನ ಭಕ್ತಿ ಸಾಲದು, ಪೂಜೆ ಹೆಚ್ಚು ಮಾಡು ಎಂದು ಹೇಳುವುದು ಅಜ್ಞಾನ. ಕಾಲು ಮುರಿದ ಎತ್ತನ್ನು ನೊಗಕ್ಕೆ ಹಾಕುವವರುಂಟೇ? ಮೊದಲು ಆರೈಕೆಯಾಗಬೇಕು. ಚರಕ ಸಂಹಿತೆಯು ವಾತ, ಪಿತ್ತ, ಕಫಗಳನ್ನು ಶರೀರದ ದೋಷಗಳೆಂದು ಹೇಳುವಂತೆಯೇ ರಜಸ್ಸು, ತಮಸ್ಸುಗಳನ್ನು ಮನಸ್ಸಿನ ದೋಷಗಳೆಂದು ಹೇಳಿ, ಉನ್ಮಾದಕ್ಕೆ ಚಿಕಿತ್ಸೆಯನ್ನೂ ವಿಧಿಸಿದೆ. ಮನಸ್ಸಿನ ಮೇಲೆ ಅಷ್ಟು ದೊಡ್ಡ ಗ್ರಂಥ ಬರೆದ ವಿಲಿಯಂ ಜೇಮ್ಸ್ ಕೂಡ ಯೌವನದಲ್ಲಿ ತೀವ್ರವಾದ ಖಿನ್ನತೆಯಿಂದ ನರಳಿದವನೇ. ಜ್ಞಾನಿಗಳಿಗೂ ಜ್ವರ ಬರುವುದಿಲ್ಲವೇ? ಹಾಗೆಯೇ ಇದು.

1974ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನಿಮ್ಹಾನ್ಸ್ ಸಂಸ್ಥೆಯ ಹೆಸರನ್ನು ಎಲ್ಲರೂ ಕೇಳಿದ್ದೀರಿ. ಆ ಸಂಸ್ಥೆಯವರು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಹಳ್ಳಿಯ ಜನರ ಮಾನಸಿಕ ರೋಗಗಳಿಗೆ ಚಿಕಿತ್ಸೆ ಕೊಡಬಹುದೆಂದು ಮಾಡಿ ತೋರಿಸಿದರು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವು ಟೆಲಿ ಮಾನಸ್ ಎಂಬ ಸಹಾಯವಾಣಿಯನ್ನು ತೆರೆದಿದೆ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಖರ್ಚಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮನೆತನದ ಮರ್ಯಾದೆ ಹೋಗುವುದೆಂದು ರೋಗವನ್ನು ಮುಚ್ಚಿಡಬೇಡಿರಿ. ಸಾಲದ ಚಿಂತೆಯಲ್ಲಿ ಜೀವವನ್ನೇ ಕಳೆದುಕೊಂಡವರ ಮನೆಗಳಿಗೆ ನಾವು ಹೋಗಿ ಬಂದಿದ್ದೇವೆ. ಆ ತಾಯಂದಿರ ಕಣ್ಣೀರಿನ ಮುಂದೆ ಯಾವ ಮರ್ಯಾದೆಯ ಮಾತೂ ನಿಲ್ಲುವುದಿಲ್ಲ. ವೈದ್ಯರ ಔಷಧಿಗೂ ಶಿವನ ಪ್ರಸಾದಕ್ಕೂ ವೈರವಿಲ್ಲ. ಎರಡನ್ನೂ ತೆಗೆದುಕೊಳ್ಳಿರಿ.

ಸದ್ಭಕ್ತರೇ, ಋಷಿ, ಬುದ್ಧ, ಶರಣ, ಗುಲಾಮ, ಚಕ್ರವರ್ತಿ, ವಿಜ್ಞಾನಿ ಇವರೆಲ್ಲ ಬೇರೆ ಬೇರೆ ಕಾಲದವರು, ಬೇರೆ ಬೇರೆ ಭಾಷೆಯವರು. ಮನಸ್ಸಿನ ವಿಷಯಕ್ಕೆ ಬಂದಾಗ ಅವರ ಮಾತು ಬಹುಮಟ್ಟಿಗೆ ಒಂದೇ ಬಾವಿಯ ನೀರಿನಂತಿದೆ. ದಿನಕ್ಕೆ ಒಂದು ಗಳಿಗೆ ಶಿವಧ್ಯಾನದಲ್ಲಿ ಕುಳಿತುಕೊಳ್ಳಿರಿ. ಮನಸ್ಸು ಓಡಿದರೆ ಬೈಯದೆ ಮರಳಿ ಕರೆತನ್ನಿರಿ. ಕೈಗೆ ಕೈಲಾದಷ್ಟು ಕಾಯಕ ಕೊಡಿರಿ. ನೆರೆಮನೆಯ ಹಿರಿಯರೊಬ್ಬರು ಕೆಲವು ದಿನಗಳಿಂದ ಕಟ್ಟೆಗೆ ಬಾರದಿದ್ದರೆ ಹೋಗಿ ಬಾಗಿಲು ತಟ್ಟಿ, ಹೇಗಿದ್ದೀರಿ ಎಂದು ಕೇಳಿರಿ. ನೊಂದವರ ಮನಸ್ಸಿಗೆ ಅಂಥ ಒಂದು ಮಾತೂ ಆಸರೆಯಾಗುತ್ತದೆ. ಸರ್ವರ ಮನಸ್ಸೂ ನೆಮ್ಮದಿಯ ನೆಲೆ ಕಾಣಲೆಂದು ನಾವು ಹಾರೈಸುತ್ತೇವೆ.